ಸೊಪ್ಪಿನ ಸಾರ ಮತ್ತು ಕ್ಯಾನ್ಸರ್: ಪ್ರಯೋಗಾಲಯ ಹೇಳುವುದೇನು?

ಮಳವಳ್ಳಿಯ ಸಂತೆಯಲ್ಲಾಗಲಿ, ಮದ್ದೂರಿನ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಮಂಡ್ಯದ ಪೇಟೆಬೀದಿಯಲ್ಲಾಗಲಿ ಮುಂಜಾನೆ ಗೋಣಿತಾಟು ಹಾಸಿ ಸೊಪ್ಪು ಮಾರುವ ತಾಯಂದಿರ ಮುಂದೆ ಒಮ್ಮೆ ನಿಂತು ನೋಡಬೇಕು. ದಂಟು, ಹರಿವೆ, ಮೆಂತ್ಯಗಳ ಪಕ್ಕದಲ್ಲಿಯೇ ಹೊಲದ ಬದುವಿನಿಂದ ಕಿತ್ತು ತಂದ ಅಣ್ಣೆ, ಹೊನಗೊನ್ನೆ, ಗಣಿಕೆ, ಒಂದೆಲಗ, ನುಗ್ಗೆಸೊಪ್ಪುಗಳು ಕಂತೆ ಕಂತೆಯಾಗಿ ಕುಳಿತಿರುತ್ತವೆ. ಬೆರಕೆ ಸೊಪ್ಪಿನ ಸಾರು, ಮಸ್ಸೊಪ್ಪು, ಉಪ್ಸಾರುಗಳಿಲ್ಲದೆ ನಮ್ಮ ಕಡೆಯ ರಾಗಿಮುದ್ದೆ ಗಂಟಲಿಗಿಳಿಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇದೇ ಸೊಪ್ಪುಗಳ ಹೆಸರು ಹೊತ್ತ ಇನ್ನೊಂದು ವಸ್ತು ನನ್ನ ಚಿಕಿತ್ಸಾಲಯಕ್ಕೆ ಬರತೊಡಗಿದೆ. ಅದು ಪತ್ರಿಕೆಯ ತುಣುಕು, ಅಥವಾ ಮಗನ ಮೊಬೈಲಿನಲ್ಲಿ ಬಂದ ಸಂದೇಶ: ಇಂಥ ಸೊಪ್ಪಿನ ಸಾರವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಂದು ಸಂಶೋಧನೆಯಿಂದ ಸಿದ್ಧವಾಗಿದೆ, ಹಾಗಾದರೆ ಇದನ್ನು ಕುಡಿಯಬಹುದೇ, ಡಾಕ್ಟರೇ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ ನಲವತ್ತೈದರ ಆಸುಪಾಸಿನ ತಾಯಿಯೊಬ್ಬರು ಎದೆಯಲ್ಲಿ ಅಡಿಕೆಯಷ್ಟು ಗಾತ್ರದ ಗಂಟಿನೊಡನೆ ಬಂದಿದ್ದರು. ನೋವಿರಲಿಲ್ಲ. ಬೆಂಗಳೂರಿಗೆ ಹೋಗಿ ತೋರಿಸಿರೆಂದು ಬಾಯಲ್ಲಿ ಹೇಳಿದೆನಾದರೂ, ಯಾರೋ ಕೊಟ್ಟ ಎಲೆಯ ರಸವನ್ನು ಒಂದು ತಿಂಗಳು ಕುಡಿದು ನೋಡುತ್ತೇನೆಂದು ಅವರು ಕೇಳಿಕೊಂಡಾಗ, ‘ಸೊಪ್ಪು ತಾನೆ, ಕುಡಿಯಿರಿ’ ಎಂದುಬಿಟ್ಟೆ. ಆ ಒಂದು ತಿಂಗಳು ಎಂಟು ತಿಂಗಳಾಯಿತು. ಮರಳಿ ಬಂದಾಗ ಕಂಕುಳಲ್ಲಿಯೂ ಗಂಟುಗಳು ಕೈಗೆ ಸಿಗುತ್ತಿದ್ದವು. ಆ ಎಲೆ ಅವರಿಗೆ ವಿಷವಾಗಲಿಲ್ಲ, ಕಾಲವನ್ನು ನುಂಗಿತು. ಅದಕ್ಕೆ ನನ್ನ ಮಾತಿನ ಸಡಿಲವೂ ಕಾರಣವಾಯಿತು. ಅಂದಿನಿಂದ ‘ಸೊಪ್ಪು ತಾನೆ’ ಎಂಬ ಮಾತನ್ನು ಬಿಟ್ಟಿದ್ದೇನೆ. ಪ್ರಯೋಗಾಲಯದಲ್ಲಿ ನಡೆಯುವುದೇನೆಂದು ಓದಿ ತಿಳಿಯಲು ಆರಂಭಿಸಿದ್ದೂ ಅಂದಿನಿಂದಲೇ.

ಮೊದಲು ‘ಸಾರ’ ಎಂಬ ಪದವನ್ನೇ ನೋಡೋಣ. ಆಯುರ್ವೇದದಲ್ಲಿ ದ್ರವ್ಯದಿಂದ ಔಷಧಾಂಶವನ್ನು ತೆಗೆಯಲು ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂಬ ಐದು ವಿಧಾನಗಳಿವೆ. ಐದರಲ್ಲಿಯೂ ದ್ರಾವಕ ನೀರು ಅಥವಾ ಆ ಗಿಡದ್ದೇ ರಸ. ಪ್ರಯೋಗಾಲಯದ ಕ್ರಮವೇ ಬೇರೆ. ಸೊಪ್ಪನ್ನು ಮೊದಲು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಅದರ ಒಂದು ಮಾದರಿಯನ್ನು ಒಣಗಿಸಿ ಹಾಳೆಗೆ ಅಂಟಿಸಿ ಸಂಗ್ರಹದಲ್ಲಿಡುತ್ತಾರೆ. ಇದು ಸಣ್ಣ ಕೆಲಸವೆಂದು ತಿಳಿಯಬೇಡಿ. ಒಂದೇ ಹೆಸರಿನಲ್ಲಿ ಎರಡು ಊರುಗಳಲ್ಲಿ ಎರಡು ಗಿಡಗಳು ಮಾರಾಟವಾಗುವುದನ್ನು ನಾನೇ ಕಂಡಿದ್ದೇನೆ. ಬಳಿಕ ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಹೆಕ್ಸೇನ್, ಕ್ಲೋರೊಫಾರ್ಮ್, ಮೆಥನಾಲ್ ಮುಂತಾದ ದ್ರಾವಕಗಳಲ್ಲಿ ಒಂದಾದ ಮೇಲೊಂದರಂತೆ ನೆನೆಸಿ ಅಥವಾ ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿ ಗಂಟೆಗಟ್ಟಲೆ ಬಿಸಿಮಾಡಿ, ದ್ರಾವಕವನ್ನು ಆವಿಯಾಗಿಸಿ, ಉಳಿದ ಅಂಟು ಪದಾರ್ಥವನ್ನು ತೂಗುತ್ತಾರೆ. ಜಿಡ್ಡಿನಂಶ ಹೆಕ್ಸೇನಿಗೆ ಬರುತ್ತದೆ. ಒಗರಿನಂಶಗಳಾದ ಪಾಲಿಫೀನಾಲ್‌ಗಳು ಮೆಥನಾಲಿಗೆ ಬರುತ್ತವೆ. ಆದ್ದರಿಂದ ಹೊನಗೊನ್ನೆಯ ಮೆಥನಾಲ್ ಸಾರವೆಂಬುದು ನಮ್ಮ ಮನೆಯ ಹೊನಗೊನ್ನೆ ಪಲ್ಯವೂ ಅಲ್ಲ, ಅದರ ಕಷಾಯವೂ ಅಲ್ಲ. ಮೂರಕ್ಕೂ ಗಿಡ ಒಂದೇ, ದ್ರವ್ಯ ಬೇರೆ.

ಇನ್ನು ಕೋಶಗಳ ವಿಷಯ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಗರ್ಭಕಂಠದ ಕ್ಯಾನ್ಸರಿನಿಂದ ದಾಖಲಾಗಿದ್ದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗಡ್ಡೆಯಿಂದ ಅವರ ಅನುಮತಿಯನ್ನೇ ಕೇಳದೆ ತೆಗೆದ ಕೋಶಗಳು ಪ್ರಯೋಗಾಲಯದಲ್ಲಿ ಸಾಯದೆ ವೃದ್ಧಿಸುತ್ತ ಹೋದವು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಇಂದಿಗೂ ‘ಹೇಲಾ’ ಎಂಬ ಹೆಸರಿನಲ್ಲಿ ಲೋಕದ ಪ್ರಯೋಗಾಲಯಗಳಲ್ಲೆಲ್ಲ ಬೆಳೆಯುತ್ತಿವೆ. ಸ್ತನದ ಕ್ಯಾನ್ಸರಿಗೆ ಎಂಸಿಎಫ್-7, ಯಕೃತ್ತಿನದಕ್ಕೆ ಹೆಪ್‌ಜಿ-2, ಶ್ವಾಸಕೋಶದ್ದಕ್ಕೆ ಎ-549 ಹೀಗೆ ಬೇರೆ ಬೇರೆ ಕೋಶವಂಶಗಳಿವೆ. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವು ಇವುಗಳನ್ನು ಸಂಶೋಧಕರಿಗೆ ಒದಗಿಸುತ್ತದೆ.

ತೊಂಬತ್ತಾರು ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯೊಂದನ್ನು ಕಲ್ಪಿಸಿಕೊಳ್ಳಿ, ನಮ್ಮ ಅಳಗುಳಿ ಮಣೆಯ ಚಿಕ್ಕ ರೂಪದಂತೆ. ಪ್ರತಿ ಗುಳಿಯಲ್ಲಿಯೂ ಕೆಲವು ಸಾವಿರ ಕೋಶಗಳನ್ನಿಟ್ಟು, ಪೋಷಕದ್ರವ ಹಾಕಿ, 37 ಡಿಗ್ರಿ ಉಷ್ಣದಲ್ಲಿ ಬೆಳೆಸಿ, ಸಾರವನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಬೆರೆಸಿ ಒಂದು, ಎರಡು ಅಥವಾ ಮೂರು ದಿನ ಬಿಡುತ್ತಾರೆ. ಆಮೇಲೆ ಎಂಟಿಟಿ ಎಂಬ ಹಳದಿ ಬಣ್ಣದ ವಸ್ತುವನ್ನು ಸೇರಿಸುತ್ತಾರೆ. ಜೀವಂತ ಕೋಶ ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ; ಸತ್ತ ಕೋಶಕ್ಕೆ ಆ ಶಕ್ತಿಯಿಲ್ಲ. ನೇರಳೆ ಎಷ್ಟು ಗಾಢವೋ ಬದುಕಿರುವ ಕೋಶಗಳು ಅಷ್ಟು. ಮಾಸ್‌ಮನ್ ಎಂಬ ವಿಜ್ಞಾನಿ 1983ರಲ್ಲಿ ಪ್ರಕಟಿಸಿದ ಈ ಉಪಾಯ ಅಗ್ಗವಾದುದು, ಶೀಘ್ರವಾದುದು. ಆದುದರಿಂದಲೇ ಜಿಲ್ಲಾ ಮಟ್ಟದ ಕಾಲೇಜುಗಳಲ್ಲಿಯೂ ಇದು ಸಾಧ್ಯವಾಗಿದೆ. ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕಿಳಿಸಲು ಬೇಕಾಗುವ ಸಾರದ ಪ್ರಮಾಣಕ್ಕೆ ಐಸಿ-50 ಎಂದು ಹೆಸರು. ಅದು ಕಡಿಮೆಯಿದ್ದಷ್ಟೂ ಸಾರ ಪ್ರಬಲ. ಕಚ್ಚಾ ಸಾರವೊಂದು ಮುಂದಿನ ಪರಿಶೀಲನೆಗೆ ಅರ್ಹವೆನಿಸಬೇಕಾದರೆ ಒಂದು ಮಿಲಿಲೀಟರಿಗೆ 20ರಿಂದ 30 ಮೈಕ್ರೋಗ್ರಾಮಿನೊಳಗೆ ಅದು ಕೆಲಸ ಮಾಡಬೇಕೆಂಬುದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪದ್ಧತಿಯಿಂದ ಬಂದ ಅಳತೆ. ಪತ್ರಿಕೆಯ ತುಣುಕುಗಳಲ್ಲಿ ಈ ಅಂಕಿ ಇರುವುದೇ ಇಲ್ಲ. ‘ಕೊಲ್ಲುತ್ತದೆ’ ಎಂಬ ಕ್ರಿಯಾಪದ ಮಾತ್ರ ಇರುತ್ತದೆ.

ಕೊಲ್ಲುವುದಾದರೆ ಗಟ್ಟಿ ಉಪ್ಪುನೀರೂ ಆ ಗುಳಿಯಲ್ಲಿರುವ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ, ಸಾಬೂನಿನ ನೀರೂ ಕೊಲ್ಲುತ್ತದೆ. ಪ್ರಶ್ನೆಯಿರುವುದು ಆರೋಗ್ಯವಂತ ಕೋಶವನ್ನು ಉಳಿಸಿ ಇದನ್ನಷ್ಟೇ ಕೊಲ್ಲುತ್ತದೆಯೇ ಎಂಬಲ್ಲಿ. ಒಳ್ಳೆಯ ಸಂಶೋಧಕರು ಅದಕ್ಕಾಗಿ ಪಕ್ಕದ ಗುಳಿಗಳಲ್ಲಿ ಸಾಮಾನ್ಯ ಕೋಶಗಳನ್ನೂ ಇಟ್ಟು ಹೋಲಿಸುತ್ತಾರೆ. ಸೊಪ್ಪಿನ ಸಾರಗಳಲ್ಲಿ ಇನ್ನೊಂದು ತೊಡಕಿದೆ. ಪಾಲಿಫೀನಾಲ್‌ಗಳು ಕೋಶದ ನೆರವಿಲ್ಲದೆ ತಾವೇ ಎಂಟಿಟಿಯನ್ನು ನೇರಳೆಯಾಗಿಸಬಲ್ಲವು. ಆಗ ಸತ್ತ ಕೋಶ ಬದುಕಿದಂತೆ ತೋರುತ್ತದೆ. ಮತ್ತೆ ಕೆಲವು ಪಾಲಿಫೀನಾಲ್‌ಗಳು ಪೋಷಕದ್ರವದಲ್ಲಿಯೇ ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುತ್ತವೆ. ಆಗ ಕೋಶ ಸಾಯುವುದು ಪೆರಾಕ್ಸೈಡಿನಿಂದ, ಹೆಸರು ಬರುವುದು ಸೊಪ್ಪಿಗೆ. ಒಂದೇ ಪರೀಕ್ಷೆಯ ಮೇಲೆ ನಿಂತ ಫಲಿತಾಂಶವನ್ನು ನಾನು ನಂಬದಿರಲು ಇದೇ ಕಾರಣ.

ಒಂದು ಸ್ಥೂಲ ಲೆಕ್ಕ ಮಾಡೋಣ. ಯಾವುದೋ ಸೊಪ್ಪಿನ ಸಾರ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಪ್ರಮಾಣದಲ್ಲಿ ಕೋಶಗಳನ್ನು ಅರ್ಧಕ್ಕಿಳಿಸಿತೆಂದಿಟ್ಟುಕೊಳ್ಳಿ. ಇಂಥ ವರದಿಗಳು ಸಾಮಾನ್ಯ. ವಯಸ್ಕರ ದೇಹದಲ್ಲಿ ಸುಮಾರು 40 ಲೀಟರ್ ನೀರಿದೆ. ಅಷ್ಟರಲ್ಲಿಯೂ ಆ ಸಾಂದ್ರತೆ ಬರಬೇಕಾದರೆ 4 ಗ್ರಾಂ ಸಾರ ಬೇಕು. ಒಣಪುಡಿಯ ಹತ್ತನೆಯ ಒಂದು ಭಾಗ ಸಾರವಾಗಿ ಬರುವುದಾದರೆ 40 ಗ್ರಾಂ ಒಣಸೊಪ್ಪು, ಎಂದರೆ ಸುಮಾರು 400 ಗ್ರಾಂ ಹಸಿಸೊಪ್ಪು. ಇಷ್ಟೇ ತಾನೆ ಎನ್ನುವಿರಾ? ತಿಂದದ್ದೆಲ್ಲವೂ ಒಡೆಯದೆ ರಕ್ತಕ್ಕೆ ಸೇರಿದರೆ ಮಾತ್ರ ಈ ಲೆಕ್ಕ. ಜಠರ, ಕರುಳಿನ ಸೂಕ್ಷ್ಮಜೀವಿಗಳು, ಯಕೃತ್ತು ಇವೆಲ್ಲ ತಮ್ಮ ಪಾಲನ್ನು ತೆಗೆದುಕೊಂಡು ನೂರರಲ್ಲಿ ಒಂದಂಶ ಮಾತ್ರ ದಾಟಿತೆಂದರೆ 40 ಕಿಲೋ ಸೊಪ್ಪು ಬೇಕಾಯಿತು. ಕೆಲವು ಗಂಟೆಗಳಲ್ಲಿ ಮೂತ್ರಪಿಂಡಗಳು ಅದನ್ನೂ ಹೊರಹಾಕುವುದರಿಂದ ಮತ್ತೆ 40 ಕಿಲೋ. ಎತ್ತಿಗೂ ಇದು ಕಷ್ಟ.

ಇದು ಬರಿಯ ಊಹೆಯಲ್ಲ. ಅರಿಶಿನದ ಕಥೆಯಲ್ಲಿ ನಡೆದೇಹೋಗಿದೆ. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಗುಳಿಗಳಲ್ಲಿರುವ ನಾನಾ ಬಗೆಯ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆಂಬುದು ಸತ್ಯ. ತೈವಾನಿನ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಏರಿದ ಗರಿಷ್ಠ ಮಟ್ಟದ ಸರಾಸರಿ 1.77 ಮೈಕ್ರೋಮೋಲಾರ್ ಮಾತ್ರ. ಪ್ರಯೋಗಾಲಯದ ಗುಳಿಗಳಲ್ಲಿ ಸಾಮಾನ್ಯವಾಗಿ ಬಳಸುವುದು ಇದರ ಐದು ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸಿನಲ್ಲಿ, 8 ಗ್ರಾಂ ಬೇಕಾದರೆ ದಿನಕ್ಕೆ ಕಾಲು ಕಿಲೋಗಿಂತ ಹೆಚ್ಚು ಅರಿಶಿನ ತಿನ್ನಬೇಕು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಪ್ರಸಿದ್ಧವಾಗಿದೆ. 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಇಲ್ಲವೆಂಬಷ್ಟು ಕಡಿಮೆಯಿತ್ತು. ಕಾಳುಮೆಣಸಿನ ಪಿಪ್ಪರಿನ್ 20 ಮಿಲಿಗ್ರಾಂ ಜೊತೆಗೂಡಿಸಿದಾಗ ಲಭ್ಯತೆ ಶೇ. 2000ರಷ್ಟು ಹೆಚ್ಚಿತು. ಅನುಪಾನವೆಂಬ ನಮ್ಮ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲವೆಂದು ಆಗ ನಾನೂ ಹಿಗ್ಗಿದ್ದೆ. ಆದರೆ ಶೂನ್ಯಕ್ಕೆ ಹತ್ತಿರವಾದುದರ ಇಪ್ಪತ್ತು ಪಟ್ಟು ದೊಡ್ಡ ಮೊತ್ತವೇನಲ್ಲ. ಇನ್ನೂ ಒಂದು ಮಾತಿದೆ: ಪಿಪ್ಪರಿನ್ ಯಕೃತ್ತಿನ ವಿಘಟನೆಯನ್ನು ತಡೆಯುವುದು ಅರಿಶಿನಕ್ಕೆ ಮಾತ್ರವಲ್ಲ, ಆಧುನಿಕ ಔಷಧಗಳಿಗೂ ಅನ್ವಯಿಸುತ್ತದೆ. ಕಿಮೋಥೆರಪಿ ಪಡೆಯುತ್ತಿರುವವರು ಮೆಣಸಿನ ಸಾರವಿರುವ ಮಾತ್ರೆ ನುಂಗಿದರೆ ಆ ಔಷಧದ ಮಟ್ಟ ಅನಿರೀಕ್ಷಿತವಾಗಿ ಏರಬಹುದು. ಸಾರಿಗೆ ಹಾಕುವ ಮೆಣಸಿನ ಬಗ್ಗೆ ನಾನು ಹೇಳುತ್ತಿಲ್ಲ.

ತಿನ್ನುವ ಗಿಡವಾದ್ದರಿಂದ ಹಾನಿಯಿಲ್ಲವೆಂಬ ವಾದವನ್ನು ಬಹಳ ಮಂದಿ ಮುಂದಿಡುತ್ತಾರೆ. ನಮ್ಮ ಹಿತ್ತಲಿನ ಚಕ್ರಮುನಿ ಸೊಪ್ಪನ್ನೇ ನೋಡಿ. ಅಡುಗೆಯಲ್ಲಿ ಅದು ಸೊಗಸಾದ ಸೊಪ್ಪು. 1994–95ರಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಅದರ ಹಸಿರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸನಾಳಗಳು ಮರಳಿ ಸರಿಯಾಗದಂತೆ ಮುಚ್ಚಿಹೋದವು; ಕೆಲವರಿಗೆ ಶ್ವಾಸಕೋಶ ಬದಲಿಸಬೇಕಾಯಿತು. ಬೇಯಿಸಿ ಉಂಡದ್ದು ಆಹಾರ, ಹಿಂಡಿ ಕುಡಿದದ್ದು ವಿಷ. ಕ್ಯಾನ್ಸರಿನ ರಾಮಬಾಣವೆಂದು ಪ್ರಚಾರ ಪಡೆದಿರುವ ಲಕ್ಷ್ಮಣ ಫಲದಲ್ಲಿ ಅನೊನಾಸಿನ್ ಎಂಬ ನರಗಳಿಗೆ ಹಾನಿಕರವಾದ ವಸ್ತುವಿದೆ. ಕೆರಿಬಿಯನ್ ದ್ವೀಪವಾದ ಗ್ವಾಡಲೂಪಿನಲ್ಲಿ ಆ ಹಣ್ಣನ್ನೂ ಅದರ ಎಲೆಯ ಕಷಾಯವನ್ನೂ ಹೆಚ್ಚಾಗಿ ಬಳಸುವವರಲ್ಲಿ ನಡುಕವಾಯುವನ್ನು ಹೋಲುವ ರೋಗ ಕಂಡುಬಂದುದನ್ನು 1999ರಲ್ಲಿ ವೈದ್ಯರು ವರದಿ ಮಾಡಿದರು. ಗಣಿಕೆ ಸೊಪ್ಪು ಚರಕರಿಗೆ ಕಾಕಮಾಚಿ. ರಾತ್ರಿ ಕಳೆದ ಕಾಕಮಾಚಿಯನ್ನು ತಿನ್ನಬಾರದೆಂದೂ ಜೇನಿನೊಡನೆ ಕೂಡಿಸಬಾರದೆಂದೂ ಅವರು ಎಚ್ಚರಿಸಿದ್ದಾರೆ. ಗಣಿಕೆಯ ಸೊಲಮಾರ್ಜಿನ್ ಎಂಬ ಅಂಶವೇ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು. ಆಲೂಗೆಡ್ಡೆಯ ಹಸಿರು ಮೊಳಕೆಯಲ್ಲಿರುವ ವಿಷದ ಹತ್ತಿರದ ಬಂಧು ಅದು. ಕೋಶವನ್ನು ಕೊಲ್ಲುವ ಗುಣವೂ ವಿಷಗುಣವೂ ಎಷ್ಟೋ ವೇಳೆ ಒಂದೇ ನಾಣ್ಯದ ಎರಡು ಮುಖಗಳು.

ಅಂಶವನ್ನು ಪ್ರತ್ಯೇಕಿಸಿ ಕೊಟ್ಟಾಗ ಗುಣ ತಿರುಗಿಬಿದ್ದ ಉದಾಹರಣೆಯೂ ಇದೆ. ಹಸಿರು ಸೊಪ್ಪು, ಗಜ್ಜರಿಗಳನ್ನು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೆಂಬುದನ್ನು ಕಂಡು, ಅವುಗಳಲ್ಲಿರುವ ಬೀಟಾ ಕೆರೋಟಿನನ್ನು ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ಪರೀಕ್ಷಿಸಿದರು. ದಿನಕ್ಕೆ 20 ಮಿಲಿಗ್ರಾಂ ಮಾತ್ರೆ ನುಂಗಿದವರಲ್ಲಿ ಕ್ಯಾನ್ಸರ್ ಇಳಿಯಲಿಲ್ಲ, ಶೇ. 18ರಷ್ಟು ಏರಿತು. 1994ರಲ್ಲಿ ಈ ಫಲಿತಾಂಶ ಬಂದಾಗ ಆಹಾರತಜ್ಞರೇ ದಂಗಾದರು. ಎರಡು ವರ್ಷಗಳ ತರುವಾಯ ಅಮೆರಿಕದಲ್ಲಿ ನಡೆಯುತ್ತಿದ್ದ ಅಂಥದೇ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಗಿಡಗಳ ಪರೀಕ್ಷೆ ವ್ಯರ್ಥವೆಂದು ಯಾರೂ ಭಾವಿಸಬಾರದು. ದೇವಸ್ಥಾನದ ಅಂಗಳಗಳಲ್ಲಿ, ಗದ್ದುಗೆಗಳ ಸುತ್ತ ಬೆಳೆಯುವ ನಿತ್ಯಪುಷ್ಪದ ವೃತ್ತಾಂತ ಇದಕ್ಕೆ ಸಾಕ್ಷಿ. 1952ರಲ್ಲಿ ಜಮೈಕಾದ ವೈದ್ಯರೊಬ್ಬರು ಅಲ್ಲಿನ ಜನ ಮಧುಮೇಹಕ್ಕೆ ಬಳಸುತ್ತಿದ್ದ ಅದರ ಇಪ್ಪತ್ತೈದು ಎಲೆಗಳನ್ನು ಲಕೋಟೆಯಲ್ಲಿಟ್ಟು ಕೆನಡಾದ ಡಾ. ಕ್ಲಾರ್ಕ್ ನೋಬಲ್ ಅವರಿಗೆ ಕಳುಹಿಸಿದರು. ಅವರ ತಮ್ಮ ರಾಬರ್ಟ್ ನೋಬಲ್ ಅದರ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಸಕ್ಕರೆಯೇನೂ ಇಳಿಯಲಿಲ್ಲ; ಬಿಳಿ ರಕ್ತಕಣಗಳು ಕುಸಿದು ಇಲಿಗಳು ಸೋಂಕಿನಿಂದ ಸತ್ತವು. ಬಿಳಿಕಣಗಳನ್ನು ಇಳಿಸುವ ವಸ್ತು ಬಿಳಿಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಏಕೆ ಆಗಬಾರದೆಂದು ಯೋಚಿಸಿದ್ದರಲ್ಲಿ ಆ ವಿಜ್ಞಾನಿಯ ಬುದ್ಧಿ ಕಾಣುತ್ತದೆ. ಚಾರ್ಲ್ಸ್ ಬಿಯರ್ ಅವರೊಡಗೂಡಿ 1958ರ ವೇಳೆಗೆ ವಿನ್‌ಬ್ಲಾಸ್ಟಿನ್ ಹೊರಬಂದಿತು. ಅದರ ಸೋದರ ಔಷಧವಾದ ವಿನ್‌ಕ್ರಿಸ್ಟಿನ್ 1963ರಿಂದ ಇಂದಿನವರೆಗೂ ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಜೀವ ಉಳಿಸುತ್ತಿದೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನಿಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ಆದುದರಿಂದ ನಿತ್ಯಪುಷ್ಪದ ಎಲೆ ಅಗಿಯುವುದು ಔಷಧವಲ್ಲ. ಸಕ್ಕರೆ ಕಾಯಿಲೆಗೆಂದು ಅಗಿಯುವವರು ಇಂದಿಗೂ ನಮ್ಮಲ್ಲಿದ್ದಾರೆ, ದಯವಿಟ್ಟು ಬಿಡಿ. ಪೆಸಿಫಿಕ್ ಯೂ ಎಂಬ ಮರದ ತೊಗಟೆಯನ್ನು ಕಿತ್ತದ್ದು 1962ರಲ್ಲಿ. ಅದರಿಂದ ಬಂದ ಟ್ಯಾಕ್ಸಾಲ್ ಅಂಡಾಶಯದ ಕ್ಯಾನ್ಸರಿಗೆ ಅನುಮತಿ ಪಡೆದದ್ದು 1992ರ ಅಂತ್ಯಕ್ಕೆ. ಮೂವತ್ತು ವರ್ಷ. ಅಮೆರಿಕದ ಸಂಸ್ಥೆ 1960ರಿಂದ 1982ರವರೆಗೆ ಪರೀಕ್ಷಿಸಿದ ಒಂದು ಲಕ್ಷಕ್ಕೂ ಹೆಚ್ಚು ಸಸ್ಯಸಾರಗಳಲ್ಲಿ ದಡ ಸೇರಿದವು ಬೆರಳೆಣಿಕೆಯಷ್ಟು.

ನಮ್ಮ ನೆರೆಯಲ್ಲಿಯೂ ಒಳ್ಳೆಯ ಕೆಲಸ ನಡೆದಿದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ರಾಗಿಯ ಸಿಪ್ಪೆಯ ಪಾಲಿಫೀನಾಲ್‌ಗಳನ್ನೂ, ನಾವು ಉಪ್ಪಿನಕಾಯಿ ಹಾಕುವ ಮಾಗಳಿ ಬೇರಿನ ಉತ್ಕರ್ಷಣ ನಿರೋಧಕ ಅಂಶಗಳನ್ನೂ ವಿವರವಾಗಿ ಬಿಡಿಸಿ ತೋರಿಸಿದ್ದಾರೆ. ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆಹಾರದಲ್ಲಿರುವ ಫೀನಾಲಿಕ್ ಆಮ್ಲಗಳು ಕರುಳಿನ ಮತ್ತು ಗರ್ಭಕಂಠದ ಕ್ಯಾನ್ಸರ್ ಕೋಶಗಳ ಮೇಲೆ ಹೇಗೆ ವರ್ತಿಸುತ್ತವೆಂಬುದನ್ನು ಅಭ್ಯಸಿಸಿದ್ದಾರೆ. ಇವರಾರೂ ‘ರಾಗಿ ತಿಂದರೆ ಕ್ಯಾನ್ಸರ್ ಗುಣವಾಗುತ್ತದೆ’ ಎಂದು ಬರೆದಿಲ್ಲ. ಹಾಗೆ ಬರೆಯುವವರು ಬೇರೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸಂತೆಯ ಸೊಪ್ಪುಗಳನ್ನು ಯುವ ಸಂಶೋಧಕರು ಕ್ರಮಬದ್ಧವಾಗಿ ಪರೀಕ್ಷಿಸುವುದಾದರೆ ಅವರಿಗೆ ನನ್ನದೊಂದು ವಿನಂತಿ: ಮೆಥನಾಲ್ ಸಾರದ ಜೊತೆಗೆ ನಮ್ಮ ತಾಯಂದಿರು ಬಸಿಯುವ ಕಟ್ಟನ್ನೂ ಒಂದು ಗುಳಿಯಲ್ಲಿಟ್ಟು ನೋಡಿ. ಜನ ಉಣ್ಣುವುದು ಅದನ್ನು.

ಆಯುರ್ವೇದದವನಾಗಿ ನಮ್ಮ ಮನೆಯ ಮಾತನ್ನೂ ಹೇಳಬೇಕು. ಸುಶ್ರುತರು ಅರ್ಬುದವನ್ನು ವರ್ಣಿಸುವಾಗ ಅದು ಕೀವಾಗುವುದಿಲ್ಲವೆಂದೂ, ರಕ್ತಾರ್ಬುದ ಮಾಂಸಾರ್ಬುದಗಳು ಅಸಾಧ್ಯವೆಂದೂ, ಒಂದರ ಮೇಲೊಂದು ಅಥವಾ ಮತ್ತೊಂದೆಡೆ ಹುಟ್ಟಬಹುದೆಂದೂ ಸ್ಪಷ್ಟವಾಗಿ ತಿಳಿಸಿದ್ದಾರೆ. ಚಿಕಿತ್ಸೆಯಲ್ಲಿ ಅವರು ಶಸ್ತ್ರಕ್ಕೆ ಸ್ಥಾನವಿತ್ತು, ಒಂದಿಷ್ಟೂ ಉಳಿಯದಂತೆ ತೆಗೆಯಬೇಕು, ಉಳಿದ ಶೇಷ ಬೆಂಕಿಯ ಕಿಡಿಯಂತೆ ಮತ್ತೆ ಬೆಳೆದು ಕೊಲ್ಲುತ್ತದೆ ಎಂದು ಎಚ್ಚರಿಸುತ್ತಾರೆ. ಶಸ್ತ್ರಕ್ರಿಯೆಯನ್ನು ತಪ್ಪಿಸಲು ಆಯುರ್ವೇದಕ್ಕೆ ಬಂದೆನೆನ್ನುವವರಿಗೆ ನಾನು ಈ ಪ್ರಕರಣವನ್ನೇ ತೆರೆದು ಓದುತ್ತೇನೆ. ಗಿಡಗಳೇ ಕ್ಯಾನ್ಸರ್ ತರುವುದನ್ನೂ ನಾವು ಒಪ್ಪಿಕೊಳ್ಳಬೇಕು. ಈಶ್ವರಿ ಬಳ್ಳಿಯ ಅರಿಸ್ಟೊಲೊಕಿಕ್ ಆಮ್ಲ ಮೂತ್ರನಾಳಗಳಿಗೂ ಮೂತ್ರಪಿಂಡಗಳಿಗೂ ಕ್ಯಾನ್ಸರ್‌ಕಾರಕವೆಂದು ನಿಶ್ಚಯವಾಗಿದೆ. ಅಡಿಕೆಯನ್ನು, ಹೊಗೆಸೊಪ್ಪಿಲ್ಲದಿದ್ದರೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯರಿಗೆ ನಿಶ್ಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಲಕ್ಷ್ಮಣ ಫಲವನ್ನು ಹುಡುಕಿ ಬರುವ ಎಷ್ಟೋ ಮಂದಿಯ ದವಡೆಯಲ್ಲಿ ಎಲೆಯಡಿಕೆ ಹೊಗೆಸೊಪ್ಪಿನ ಉಂಡೆ ಕುಳಿತಿರುತ್ತದೆ.

ಕ್ಯಾನ್ಸರನ್ನು ಗುಣಪಡಿಸುವೆನೆಂದು ಜಾಹೀರಾತು ನೀಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯನ್ವಯ ಅಪರಾಧ. ಆ ಜಾಹೀರಾತು ಯಾವ ಪದ್ಧತಿಯ ವೈದ್ಯರದಾದರೂ ಸರಿ.

ಕೊನೆಯದಾಗಿ ಮನೆಯಲ್ಲಿ ರೋಗಿಯಿರುವವರಿಗೆ ಕೆಲವು ಮಾತು. ನೋವಿಲ್ಲದ ಗಂಟು, ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ಮುಟ್ಟು ನಿಂತ ಮೇಲೆ ಕಾಣುವ ರಕ್ತಸ್ರಾವ, ಕಾರಣವಿಲ್ಲದೆ ಇಳಿಯುವ ತೂಕ ಇವುಗಳಲ್ಲಿ ಯಾವುದೊಂದಿದ್ದರೂ ಮೊದಲು ಜಿಲ್ಲಾ ಆಸ್ಪತ್ರೆಗೆ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿ ರೋಗನಿರ್ಣಯ ಮಾಡಿಸಿ. ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದರೆ ಕ್ಯಾನ್ಸರ್ ಹರಡುತ್ತದೆಂಬ ಮಾತಿಗೆ ಹೆದರಿ ತಡಮಾಡಬೇಡಿ. ಕಿಮೋಥೆರಪಿ ನಡೆಯುವಾಗ ಬಿಳಿಕಣಗಳು ಇಳಿದಿರುತ್ತವೆ. ನಾಲೆಯ ನೀರಿನಲ್ಲಿ ತೊಳೆದ ಹಸಿಸೊಪ್ಪಿನ ರಸ ಆಗ ಸೋಂಕಿಗೆ ಬಾಗಿಲು. ಚೆನ್ನಾಗಿ ತೊಳೆದು ಬೇಯಿಸಿದ ಸೊಪ್ಪು, ಮೆತ್ತಗಿನ ಮುದ್ದೆ, ಬೇಳೆಯ ಕಟ್ಟು ಧಾರಾಳವಾಗಿ ಕೊಡಿ. ಯಾವ ಚೂರ್ಣ, ಲೇಹ್ಯ, ಕಷಾಯ, ಮಾತ್ರೆಗಳನ್ನು ಸೇವಿಸುತ್ತಿದ್ದರೂ ಅವುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾನ್ಸರ್ ವೈದ್ಯರ ಕೈಗೆ ಕೊಡಿ; ಹಸಿರು ಚಹದ ಸಾರ ಕೂಡ ಬೋರ್ಟಿಜೊಮಿಬ್ ಎಂಬ ಔಷಧವನ್ನು ಕಟ್ಟಿಹಾಕುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಅವರು ಗದರಬಹುದು, ಗದರಲಿ. ನಾನು ಬರೆದುಕೊಟ್ಟದ್ದಾದರೂ ಆ ಚೀಟಿಯಲ್ಲಿ ಸೇರಿಸಿ.

ಮೊದಲು ಹೇಳಿದ ಆ ತಾಯಿಗೆ ಶಸ್ತ್ರಕ್ರಿಯೆಯೂ ಕಿಮೋಥೆರಪಿಯೂ ಆದವು. ನಾಲ್ಕು ವರ್ಷ ಬದುಕಿದ್ದರು. ಕಿಮೋ ನಡುವೆ ಬಾಯಿರುಚಿ ಕೆಟ್ಟಾಗ ಹೊನಗೊನ್ನೆ ಉಪ್ಸಾರು ಬೇಕೆಂದು ಕೇಳುತ್ತಿದ್ದರಂತೆ. ಕೊಡಬಹುದೇ ಎಂದು ಅವರ ಸೊಸೆ ನನ್ನಲ್ಲಿಗೆ ಬಂದು ವಿಚಾರಿಸಿದ್ದರು. ಬೇಯಿಸಿ ಕೊಡಿ ಎಂದಿದ್ದೆ.